ಕಡಲೆಕಾಯಿ ಎಣ್ಣೆಯಿಂದ ಹೊಂಗೆ ಎಣ್ಣೆವರೆಗೆ: ಡೀಸೆಲ್ ಇಂಜಿನ್ನಿನ ಇನ್ನೊಂದು ಕಥೆ

ಪ್ರತಿ ವರ್ಷ ಆಗಸ್ಟ್ 10 ಬಂತು ಅಂದ್ರೆ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಫಾರ್ವರ್ಡ್ ಓಡಾಡುತ್ತೆ. ಇವತ್ತು ವಿಶ್ವ ಜೈವಿಕ ಇಂಧನ ದಿನ, 1893ರಲ್ಲಿ ಇದೇ ದಿನ ರುಡಾಲ್ಫ್ ಡೀಸೆಲ್ ಕಡಲೆಕಾಯಿ ಎಣ್ಣೆ ಹಾಕಿ ತನ್ನ ಇಂಜಿನ್ ಓಡಿಸಿದ, ಆಮೇಲೆ ಪೆಟ್ರೋಲಿಯಂ ಕಂಪನಿಗಳು ಅದನ್ನ ಮುಚ್ಚಿಹಾಕಿದವು ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಅದರಲ್ಲಿ ದಿನಾಂಕ ಒಂದನ್ನ ಬಿಟ್ಟರೆ ಉಳಿದದ್ದನ್ನ ನಂಬೋ ಹಾಗಿಲ್ಲ.

ಆ ದಿನ ಜರ್ಮನಿಯ ಆಗ್ಸ್‌ಬರ್ಗ್ ಕಾರ್ಖಾನೆಯಲ್ಲಿ ಪ್ರಯೋಗದ ಇಂಜಿನ್ನಿಗೆ ಹಾಕಿದ್ದು ಪೆಟ್ರೋಲು. ಗಾಳಿಯನ್ನು ಬಿಗಿಯಾಗಿ ಒತ್ತಿದರೆ ಅದು ಕಾಯುತ್ತೆ, ಆ ಕಾದ ಗಾಳಿಗೆ ಇಂಧನ ಚಿಮ್ಮಿಸಿದರೆ ಕಿಡಿ ಇಲ್ಲದೆ ಹೊತ್ತಿಕೊಳ್ಳುತ್ತೆ ಅನ್ನೋದು ಡೀಸೆಲ್ ಲೆಕ್ಕಾಚಾರ. ಹೊತ್ತಿಕೊಂಡಿತು ನಿಜ, ಅದರ ಜೊತೆಗೆ ಒತ್ತಡ ಅಳೆಯೋ ಉಪಕರಣ ಸಿಡಿದೂ ಹೋಯ್ತು! ಇಂಜಿನ್ ತನ್ನಷ್ಟಕ್ಕೆ ತಾನು ಒಂದು ನಿಮಿಷ ತಿರುಗೋಕೆ 1894ರ ಫೆಬ್ರುವರಿವರೆಗೆ ಕಾಯಬೇಕಾಯ್ತು. 1897ರ ಅಧಿಕೃತ ಪರೀಕ್ಷೆಯಲ್ಲಿ ಇಂಧನದ ಶಕ್ತಿಯಲ್ಲಿ ಶೇ. 26ರಷ್ಟು ಕೆಲಸಕ್ಕೆ ಸಿಕ್ಕಿತು. ಆಗಿನ ಉಗಿ ಯಂತ್ರಗಳು ಇದರ ಹತ್ತಿರಕ್ಕೂ ಬರುತ್ತಿರಲಿಲ್ಲ.

ಹಾಗಾದ್ರೆ ಕಡಲೆಕಾಯಿ ಎಣ್ಣೆ ಎಲ್ಲಿಂದ ಬಂತು? 1900ರ ಪ್ಯಾರಿಸ್ ವಸ್ತುಪ್ರದರ್ಶನದಿಂದ. ಅಲ್ಲಿ ಆಟ್ಟೊ ಕಂಪನಿ ಒಂದು ಪುಟ್ಟ ಡೀಸೆಲ್ ಇಂಜಿನ್ನನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿ ತೋರಿಸಿತು. ಎಷ್ಟು ಸಲೀಸಾಗಿ ಓಡಿತು ಅಂದ್ರೆ, ಬೇರೆ ಎಣ್ಣೆ ಹಾಕಿದ್ದಾರೆ ಅಂತ ಕೆಲವರಿಗಷ್ಟೇ ಗೊತ್ತಾಗಿದ್ದು ಎಂದು ಡೀಸೆಲ್ ಆಮೇಲೆ ಬರೆದಿದ್ದಾನೆ. ಈ ಪ್ರಯೋಗ ಮಾಡಿ ಅಂತ ಕೇಳಿಕೊಂಡಿದ್ದು ಫ್ರೆಂಚ್ ಸರ್ಕಾರ. ಪರಿಸರದ ಕಾಳಜಿಯಿಂದ ಅಲ್ಲ. ಆಫ್ರಿಕಾದ ಅವರ ವಸಾಹತುಗಳಲ್ಲಿ ಕಡಲೆಕಾಯಿ ಹೇರಳವಾಗಿ ಬೆಳೀತಿತ್ತು. ಕಲ್ಲಿದ್ದಲು, ಎಣ್ಣೆ ಸಾಗಿಸೋ ಗೊಡವೆಯಿಲ್ಲದೆ ಅಲ್ಲಿನ ಬೆಳೆಯಿಂದ ಅಲ್ಲಿನ ಯಂತ್ರ ಓಡಿಸಬಹುದಾ ಅನ್ನೋದು ಪ್ರಶ್ನೆ. ಡೀಸೆಲ್ 1912ರಲ್ಲಿ, ಸಸ್ಯ ಎಣ್ಣೆ ಇವತ್ತು ನಗಣ್ಯ ಅನಿಸಿದರೂ ಮುಂದೊಂದು ದಿನ ಪೆಟ್ರೋಲಿಯಂನಷ್ಟೇ ಮುಖ್ಯ ಆಗಬಹುದು ಎಂಬ ಅರ್ಥದ ಮಾತಾಡಿದ. ಮರುವರ್ಷ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದ. ಅದರ ಸುತ್ತ ಇರೋ ಪಿತೂರಿ ಕಥೆಗಳಿಗೇ ಬೇರೆ ವಿಡಿಯೋ ಬೇಕು, ಇವತ್ತು ಬೇಡ.

ಎಣ್ಣೆಯನ್ನು ಹಾಗೇ ಹಾಕೋದರಲ್ಲಿ ಒಂದು ತೊಡಕಿದೆ. ಅಡುಗೆ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ಮಂದ. ನಾಜಲ್‌ನಿಂದ ಮಂಜಿನ ಹಾಗೆ ಚಿಮ್ಮಬೇಕಾದದ್ದು ದಪ್ಪ ಹನಿಯಾಗಿ ಬೀಳುತ್ತೆ, ಪೂರ್ತಿ ಉರಿಯಲ್ಲ, ಪಿಸ್ಟನ್ ರಿಂಗಿಗೆ ಕಿಟ್ಟ ಕಟ್ಟುತ್ತೆ. ಒಂದು ದಿನ ಓಡುತ್ತೆ, ಆರು ತಿಂಗಳಲ್ಲಿ ಗ್ಯಾರೇಜಿಗೆ ಹೋಗುತ್ತೆ.

ಇದಕ್ಕೆ ದಾರಿ ಸಿಕ್ಕಿದ್ದು ಬೆಲ್ಜಿಯಂನಲ್ಲಿ. ಬ್ರಸೆಲ್ಸ್ ವಿಶ್ವವಿದ್ಯಾಲಯದ ಜಾರ್ಜ್ ಶಾವಾನ್ 1937ರಲ್ಲಿ ಒಂದು ಪೇಟೆಂಟ್ ತಗೊಂಡ. ಎಣ್ಣೆಯ ಒಂದೊಂದು ಅಣುವೂ ಗ್ಲಿಸರಿನ್ ಅನ್ನೋ ಬೆನ್ನೆಲುಬಿಗೆ ಮೂರು ಉದ್ದ ಬಾಲ ಕಟ್ಟಿದ ಹಾಗೆ ಇರುತ್ತೆ. ಅದಕ್ಕೆ ಆಲ್ಕೋಹಾಲ್ ಸೇರಿಸಿದರೆ ಬಾಲಗಳು ಕಳಚಿಕೊಂಡು ಆಲ್ಕೋಹಾಲ್ ಜೊತೆ ಕೂಡಿಕೊಳ್ಳುತ್ತವೆ, ಗ್ಲಿಸರಿನ್ ತಳದಲ್ಲಿ ಕೂರುತ್ತೆ. ಮೇಲೆ ಉಳಿದ ತೆಳು ದ್ರವವೇ ಇವತ್ತು ನಾವು ಬಯೋಡೀಸೆಲ್ ಅನ್ನೋದು. 100 ಕಿಲೋ ಎಣ್ಣೆಗೆ ಸುಮಾರು 10–11 ಕಿಲೋ ಮೆಥನಾಲ್ ಹಾಕಿದರೆ ಹತ್ತಿರಹತ್ತಿರ 100 ಕಿಲೋ ಬಯೋಡೀಸೆಲ್ ಸಿಗುತ್ತೆ. ಶಾವಾನ್ ಬಳಸಿದ್ದು ತಾಳೆ ಎಣ್ಣೆ. ಕಾಂಗೋ ಆಗ ಬೆಲ್ಜಿಯಂ ಕೈಯಲ್ಲಿತ್ತಲ್ಲ, ಅಲ್ಲಿಯದು. 1938ರ ಬೇಸಿಗೆಯಲ್ಲಿ ಬ್ರಸೆಲ್ಸ್‌ನಿಂದ ಲೂವೆನ್‌ಗೆ ಹೋಗೋ ಪ್ರಯಾಣಿಕರ ಬಸ್ ಇದರಲ್ಲೇ ಓಡಿತು. ಯುದ್ಧ ಮುಗಿದ ಮೇಲೆ ಅಗ್ಗದ ಪೆಟ್ರೋಲಿಯಂ ಎದುರು ಇದನ್ನ ಕೇಳೋರೇ ಇಲ್ಲದಂತಾಯ್ತು.

ಎಪ್ಪತ್ತರ ದಶಕದ ತೈಲ ಬಿಕ್ಕಟ್ಟು ಬಂದಾಗ ಜಗತ್ತು ಮತ್ತೆ ಇದರ ಕಡೆ ತಿರುಗಿತು. ಹೊಗೆಯ ಲೆಕ್ಕ ಶುರುವಾಗಿದ್ದು ಆಮೇಲೆ. ಅಮೆರಿಕದ ಪರಿಸರ ಸಂಸ್ಥೆ 2002ರಲ್ಲಿ ಹಳೆ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿತು. ಶುದ್ಧ ಬಯೋಡೀಸೆಲ್ ಹಾಕಿದರೆ ಹೊಗೆಯ ಕಣಗಳೂ ಕಾರ್ಬನ್ ಮಾನಾಕ್ಸೈಡೂ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತವೆ, ಉರಿಯದೆ ಹೋಗೋ ಹೈಡ್ರೋಕಾರ್ಬನ್ ಮೂರನೇ ಎರಡು ಭಾಗ ತಗ್ಗುತ್ತೆ. ಕಾರಣ ಸರಳ: ಬಯೋಡೀಸೆಲ್ ತೂಕದಲ್ಲಿ ಶೇ. 10–11 ಆಮ್ಲಜನಕವೇ. ಉರಿಯೋಕೆ ಬೇಕಾದ ಗಾಳಿಯಲ್ಲಿ ಒಂದು ಪಾಲನ್ನ ಅದು ಹೊತ್ತುಕೊಂಡೇ ಬರುತ್ತೆ.

ಆದರೆ ನೈಟ್ರೋಜನ್ ಆಕ್ಸೈಡ್ ಸುಮಾರು ಶೇ. 10 ಜಾಸ್ತಿ ಆಯ್ತು. ಸಿಲಿಂಡರ್ ಒಳಗೆ ಬಿಸಿ ಏರಿದಷ್ಟೂ ಇದು ಹೆಚ್ಚು. ಮಸಿ ಕಡಿಮೆ ಮಾಡೋಕೆ ಹೋದರೆ ಇದು ಏರುತ್ತೆ, ಇದನ್ನ ಇಳಿಸಿದರೆ ಮಸಿ ಏರುತ್ತೆ. ಡೀಸೆಲ್ ಇಂಜಿನಿಯರುಗಳ ಹಳೇ ತಲೆನೋವು. ಇಂಧನ ಚಿಮ್ಮೋದನ್ನ ಕೊಂಚ ತಡ ಮಾಡೋದು, ಹೊಗೆಯಲ್ಲಿ ಒಂದಿಷ್ಟನ್ನ ತಿರುಗಿ ಇಂಜಿನ್ನಿಗೇ ಬಿಡೋದು, ಕೊನೆಗೆ ಯೂರಿಯಾ ದ್ರಾವಣ ಸಿಂಪಡಿಸಿ ನೈಟ್ರೋಜನ್ ಆಕ್ಸೈಡನ್ನ ಒಡೆಯೋದು, ಹೀಗೆ ದಾರಿಗಳಿವೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಲಾರಿ, ಬಸ್ಸುಗಳಲ್ಲಿ ಯೂರಿಯಾ ದ್ರಾವಣಕ್ಕೆ ಬೇರೆ ಟ್ಯಾಂಕ್ ಇರೋದು ಇದಕ್ಕೇ. ದೆಹಲಿಯಲ್ಲಿ ನವೆಂಬರ್ ಕಳೆದವರಿಗೆ ಈ ಎರಡೂ ವಿಷದ ರುಚಿ ಗೊತ್ತು. ಹಾಗಾಗಿ ಬಯೋಡೀಸೆಲ್ ಅಂದ ಕೂಡಲೇ ಪೂರ್ತಿ ಶುದ್ಧ ಗಾಳಿ ಅನ್ನೋ ಜಾಹೀರಾತನ್ನ ನಾನಂತೂ ಒಪ್ಪಲ್ಲ.

ಈಗ ನಮ್ಮ ಕಡೆ ಬರೋಣ. ಹಳ್ಳಿಗಳಲ್ಲಿ ಹೊಂಗೆ ಎಣ್ಣೆ ದೀಪ ಉರಿಸ್ತಿದ್ದರು, ಹಿಂಡಿ ಗೊಬ್ಬರಕ್ಕೆ ಹೋಗ್ತಿತ್ತು. ತಿನ್ನೋ ಎಣ್ಣೆ ಅಲ್ಲ, ಹಾಗಾಗಿ ಊಟದ ತಟ್ಟೆಗೆ ಪೈಪೋಟಿ ಇಲ್ಲ. ಗದ್ದೆ ಬದು, ರಸ್ತೆ ಪಕ್ಕ ಬೆಳೆಯುತ್ತೆ, ಬೇರು ಮಣ್ಣಿಗೆ ಸಾರಜನಕ ಕೊಡುತ್ತೆ. ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯೋ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಮತ್ತು ಸಂಗಡಿಗರು ‘ಸೂತ್ರ’ ಎಂಬ ಹೆಸರಲ್ಲಿ ಇದನ್ನೇ ಹಿಡಿದರು. ಕೋಲಾರದ ಕಡೆಯ ಕಗ್ಗನಹಳ್ಳಿಯಲ್ಲಿ ಜನರೇಟರಿಗೆ ಹೊಂಗೆ ಎಣ್ಣೆ ಹಾಕಿ ಕರೆಂಟು ಮಾಡಿ, ಅದರಿಂದ ಬೋರ್‌ವೆಲ್ ನೀರೆತ್ತಿ ಹೊಲಕ್ಕೆ ಬಿಟ್ಟರು. ಬೀಜ ಊರಿನದು, ಕರೆಂಟು ಊರಿನದು. ಪ್ಯಾರಿಸ್‌ನಲ್ಲಿ ಫ್ರೆಂಚರು ಕೇಳಿದ ಪ್ರಶ್ನೆಯೇ, ಆದರೆ ಇಲ್ಲಿ ಲಾಭ ಬೆಳೆದವನ ಮನೆಗೇ ಹೋಗೋ ಹಾಗಿತ್ತು.

ದೆಹಲಿ ಮಾತ್ರ ಹಿಡಿದದ್ದು ಬೇರೆ ಗಿಡ, ಜಟ್ರೋಫಾ. 2002ರ ಡಿಸೆಂಬರ್ 31ರಂದು ದೆಹಲಿ–ಅಮೃತಸರ ಶತಾಬ್ದಿ ಶೇ. 5 ಬಯೋಡೀಸೆಲ್ ಮಿಶ್ರಣದಲ್ಲಿ ಓಡಿತು. ಮರುವರ್ಷ ಯೋಜನಾ ಆಯೋಗದ ಸಮಿತಿ, 2011–12ರ ಹೊತ್ತಿಗೆ ಶೇ. 20 ಮಿಶ್ರಣ ಅಂತ ಗುರಿ ಇಟ್ಟಿತು. ಬರಡು ಭೂಮಿಯಲ್ಲಿ ನೀರಿಲ್ಲದೆ ಬಂಗಾರ ಬೆಳೆಯುತ್ತೆ ಅನ್ನೋ ಪ್ರಚಾರ ನಂಬಿ ರೈತರು ನೆಟ್ಟರು. ಗಿಡ ಬದುಕಿತು, ಕಾಯಿ ಬಿಡಲಿಲ್ಲ. ನೀರು, ಗೊಬ್ಬರ ಕೊಟ್ಟರೆ ಕಾಯಿ ಬಿಡ್ತಿತ್ತು, ಆದರೆ ನೀರು ಗೊಬ್ಬರ ಇದ್ದವನು ಜಟ್ರೋಫಾ ಯಾಕೆ ಹಾಕ್ತಾನೆ ಹೇಳಿ? ಸರ್ಕಾರ ನಿಗದಿ ಮಾಡಿದ ಲೀಟರಿಗೆ 26.50 ರೂಪಾಯಿ ದರಕ್ಕೆ ತಯಾರಕರಿಗೆ ಖರ್ಚೂ ಹುಟ್ಟಲಿಲ್ಲ. ದಶಕದ ಸಾಲುಸಾಲು ಸೆಮಿನಾರುಗಳ ನಂತರ ಕೆಲವು ಕಡೆ ರೈತರು ಗಿಡ ಕಿತ್ತು ಹಾಕಿದರು. 2009ರ ನೀತಿ ಅದೇ ಶೇ. 20ನ್ನು 2017ಕ್ಕೆ ಮುಂದೂಡಿತು, 2018ರ ನೀತಿ 2030ಕ್ಕೆ ಶೇ. 5 ಅಂತ ಇಳಿಸಿತು. ದೇಶದ ಡೀಸೆಲ್‌ಗೆ ಬೆರೆತದ್ದು ಅಷ್ಟೂ ವರ್ಷ ಶೇ. 1ರ ಒಳಗೇ.

ಈಗ ಕಣ್ಣು ಬಿದ್ದಿರೋದು ಹೋಟೆಲಿನ ಬಾಣಲೆ ಮೇಲೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಸೇರೋ ಕೆಟ್ಟ ಸಂಯುಕ್ತಗಳು ಶೇ. 25 ದಾಟಿದರೆ ಅಡುಗೆಗೆ ಬಳಸೋ ಹಾಗಿಲ್ಲ. 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಎಣ್ಣೆಯನ್ನ ಬಯೋಡೀಸೆಲ್‌ಗೆ ಕಳಿಸೋ ಯೋಜನೆ ಶುರು ಮಾಡಿತು. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಕರಿಯೋ ಎಣ್ಣೆ ಬಳಸೋರು ಹಳೇ ಎಣ್ಣೆ ಎಲ್ಲಿ ಹೋಯ್ತು ಅಂತ ಲೆಕ್ಕ ಇಡಬೇಕು. ಮುಂದಿನ ಸಲ ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ವಡೆ ತಿಂದು ಎದ್ದಾಗ ಗಲ್ಲಾದಲ್ಲಿ ಕೂತ ಮಾಲೀಕರನ್ನ ಕೇಳಿ ನೋಡಿ, ಹಳೇ ಎಣ್ಣೆ ಯಾರು ತಗೊಂಡು ಹೋಗ್ತಾರೆ ಅಂತ. ಏನಂದ್ರು ಅಂತ ಕಾಮೆಂಟಲ್ಲಿ ಬರೀರಿ.