ಕುಲುಮೆಯಿಂದ ದ್ರಾವಣಕ್ಕೆ: ಮ್ಯಾಂಗನೀಸ್ ಲೀಚಿಂಗ್‌ನ ಇತಿಹಾಸ ಮತ್ತು ದಾವಣಗೆರೆ–ಹರಿಹರ ಸೀಮೆ

ಪೀಠಿಕೆ

ಕರ್ನಾಟಕದ ಮ್ಯಾಂಗನೀಸ್ ಚರಿತ್ರೆ ಬಹುಮಟ್ಟಿಗೆ ಗಣಿ, ರೈಲು ಮತ್ತು ಕುಲುಮೆಗಳ ಚರಿತ್ರೆ. ಅದಿರನ್ನು ಆಮ್ಲದಲ್ಲಿ ಕರಗಿಸಿ, ದ್ರಾವಣದಿಂದ ಲೋಹವನ್ನು ಬೇರ್ಪಡಿಸುವ ಲೀಚಿಂಗ್ ವಿಧಾನಕ್ಕೂ ಸುಮಾರು 250 ವರ್ಷಗಳ ಹಿನ್ನೆಲೆ ಇದೆ. ಆ ಹಿನ್ನೆಲೆಯನ್ನು ದಾವಣಗೆರೆ–ಹರಿಹರ ಸೀಮೆಗೆ ಹೊಂದಿಸಿ ನೋಡುವುದು ಈ ಲೇಖನದ ಉದ್ದೇಶ. ಲೋಹ ಕರಗಿದ ಮೇಲೆ ಉಳಿಯುವ ದ್ರವ ಮತ್ತು ಗಸಿಗೆ ಏನು ಗತಿ ಕಾಣಿಸಬೇಕು ಎಂಬ ಪ್ರಶ್ನೆಯೇ ಈ ವಿಧಾನದ ಏಳುಬೀಳುಗಳನ್ನು ನಿರ್ಧರಿಸುತ್ತ ಬಂದಿದೆ ಎಂಬುದು ಇಲ್ಲಿನ ವಾದ.

ಸೀಮೆಯ ಅದಿರು

ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ಆರಂಭವಾಯಿತು. ರಾಬರ್ಟ್ ಬ್ರೂಸ್ ಫೂಟ್ ಅದರ ಮೊದಲ ಮುಖ್ಯಸ್ಥರು. ಎಲ್. ಲೀ ಫರ್ಮರ್ ಅವರು 1909ರಲ್ಲಿ ಪ್ರಕಟಿಸಿದ ಭಾರತದ ಮ್ಯಾಂಗನೀಸ್ ನಿಕ್ಷೇಪಗಳ ಬೃಹತ್ ಸಮೀಕ್ಷೆಯಲ್ಲಿ ಶಿವಮೊಗ್ಗ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಅದಿರೂ ಸೇರಿತು. ಅತ್ತ ಸಂಡೂರಿನಲ್ಲಿ, ಇತ್ತ ಕುಂಸಿಯಲ್ಲಿ ಗಣಿಗಾರಿಕೆ ಶುರುವಾದದ್ದೂ 20ನೇ ಶತಮಾನದ ಆ ಮೊದಲ ದಶಕದಲ್ಲೇ. ಅಗೆದ ಅದಿರು ರೈಲಿನಲ್ಲಿ ಮುರ್ಮಗೋವಾ ಬಂದರು ಸೇರಿ, ಹಡಗೇರಿ ಯುರೋಪಿನ ಉಕ್ಕಿನ ಕಾರ್ಖಾನೆಗಳಿಗೆ ಹೋಗುತ್ತಿತ್ತು.

1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ಹರಿಹರ ಚಿತ್ರದುರ್ಗದಿಂದ, ಚನ್ನಗಿರಿ ಶಿವಮೊಗ್ಗದಿಂದ ಬಂದವು. ಚನ್ನಗಿರಿ ತಾಲ್ಲೂಕಿನ ಜೋಳದಾಳ್ ಸುತ್ತಿನ ಸುಣ್ಣಕಲ್ಲು, ಡಾಲಮೈಟ್ ಶಿಲೆಗಳ ಜೊತೆ ಮ್ಯಾಂಗನೀಸ್ ಇದೆ. ಭೂವಿಜ್ಞಾನಿಗಳು ಒಂದು ಶಿಲಾಸ್ತರಕ್ಕೆ ಈ ಊರಿನ ಹೆಸರನ್ನೇ ಇಟ್ಟಿದ್ದಾರೆ. ಕುಲುಮೆಗೆ ಸಲ್ಲುವುದು ಮ್ಯಾಂಗನೀಸ್ ಅಂಶ ಹೆಚ್ಚಿರುವ ಅದಿರು. ಕಬ್ಬಿಣ, ಸಿಲಿಕಾ ಬೆರೆತ ಕೀಳುದರ್ಜೆಯದು ಗಣಿಯ ಬಳಿಯೇ ರಾಶಿ ಬೀಳುತ್ತದೆ. ಲೀಚಿಂಗ್‌ಗೆ ಬೆಲೆ ಬರುವುದು ಆ ರಾಶಿಯ ಮುಂದೆ.

ಕರಗದ ಅದಿರನ್ನು ಕರಗಿಸಿದ ಬಗೆ

ಪೈರೊಲ್ಯುಸೈಟ್ ಎಂಬ ಮುಖ್ಯ ಅದಿರು ಮ್ಯಾಂಗನೀಸ್ ಡೈಆಕ್ಸೈಡ್. ಸಾರ ಕಡಿಮೆಯಾದ ಗಂಧಕಾಮ್ಲದಲ್ಲಿ ಅದು ಸುಲಭಕ್ಕೆ ಕರಗದು. ಅದರ ಆಕ್ಸಿಜನ್ನನ್ನು ಕಸಿಯಬಲ್ಲ ಅಪಕರ್ಷಕವೊಂದು ಜೊತೆಗಿದ್ದರೆ ಕರಗಿ ಮ್ಯಾಂಗನೀಸ್ ಸಲ್ಫೇಟ್ ಆಗುತ್ತದೆ. ಸ್ವೀಡನ್ನಿನ ಶೀಲೆ 1774ರಲ್ಲಿ ಇದೇ ಅದಿರನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಾಯಿಸಿದಾಗ ಆಮ್ಲವೇ ಅಪಕರ್ಷಕವಾಗಿ ವರ್ತಿಸಿ ಕ್ಲೋರಿನ್ ಅನಿಲ ಹೊರಟಿತು. ಅದೇ ವರ್ಷ ಅವರ ಗೆಳೆಯ ಗಾನ್ ಲೋಹವನ್ನು ಬೇರ್ಪಡಿಸಿದರು.

ಬಟ್ಟೆ ಬಿಳುಪು ಮಾಡಲು ಕ್ಲೋರಿನ್ ಬೇಕಾದಾಗ ಶೀಲೆಯ ಕ್ರಿಯೆ ಕೈಗಾರಿಕೆಯಾಯಿತು. ಮ್ಯಾಂಗನೀಸ್ ತುಂಬಿದ ಆಮ್ಲೀಯ ದ್ರವ ಮಾತ್ರ ವ್ಯರ್ಥವಾಗಿ ಹರಿದುಹೋಗುತ್ತಿತ್ತು. 1860ರ ದಶಕದಲ್ಲಿ ಇಂಗ್ಲೆಂಡಿನ ವಾಲ್ಟರ್ ವೆಲ್ಡನ್ ಆ ದ್ರವಕ್ಕೆ ಸುಣ್ಣ ಹಾಕಿ, ಗಾಳಿ ಊದಿ, ಮ್ಯಾಂಗನೀಸನ್ನು ಮರಳಿ ಪಡೆದರು. ತ್ಯಾಜ್ಯದ ಸಮಸ್ಯೆಯೇ ಹೊಸ ವಿಧಾನಕ್ಕೆ ದಾರಿ ಮಾಡಿದ ಮೊದಲ ಸ್ಪಷ್ಟ ನಿದರ್ಶನ ಇದು.

ಲೋಹಕ್ಕಾಗಿಯೇ ಲೀಚಿಂಗ್ ನೆಲೆಗೊಂಡದ್ದು 20ನೇ ಶತಮಾನದಲ್ಲಿ. ಅಮೆರಿಕದ ಗಣಿ ಬ್ಯೂರೋದ ಪ್ರಯೋಗಗಳನ್ನು ಆಧರಿಸಿ 1939ರಲ್ಲಿ ನಾಕ್ಸ್‌ವಿಲ್‌ನಲ್ಲಿ ವಿದ್ಯುದ್ವಿಭಜನೆಯ ಕಾರ್ಖಾನೆ ಎದ್ದಿತು. ಅಲ್ಲಿಂದೀಚೆಗೆ ಕ್ರಮ ಇದು: ಅದಿರನ್ನು ಕಲ್ಲಿದ್ದಲಿನೊಂದಿಗೆ ಹುರಿದು ಆಮ್ಲದಲ್ಲಿ ಕರಗಿಸುವುದು, ಆಮ್ಲೀಯತೆ ತಗ್ಗಿಸಿ ಕಬ್ಬಿಣವನ್ನು ಗಸಿಯಾಗಿ ಇಳಿಸುವುದು, ಇತರ ಭಾರಲೋಹಗಳನ್ನು ಸಲ್ಫೈಡ್ ಹಾಕಿ ತೆಗೆಯುವುದು, ಕೊನೆಗೆ ವಿದ್ಯುತ್ ಹಾಯಿಸುವುದು. ಲೋಹ ಕೂಡುತ್ತಿದ್ದಂತೆ ಗಂಧಕಾಮ್ಲ ಮತ್ತೆ ಹುಟ್ಟಿ ಲೀಚಿಂಗ್ ತೊಟ್ಟಿಗೆ ಮರಳುತ್ತದೆ.

ಭಾರತದಲ್ಲಿ ಕಾರೈಕುಡಿಯ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆ ಬ್ಯಾಟರಿಗೆ ಬೇಕಾದ ಮ್ಯಾಂಗನೀಸ್ ಡೈಆಕ್ಸೈಡನ್ನು ಇದೇ ದಾರಿಯಲ್ಲಿ ತಯಾರಿಸುವ ಸಂಶೋಧನೆ ನಡೆಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಎ. ನಟರಾಜನ್ ಮತ್ತು ಸಹೋದ್ಯೋಗಿಗಳು ಸಾಗರತಳದ ಮ್ಯಾಂಗನೀಸ್ ಗಂಟುಗಳನ್ನು ಬ್ಯಾಕ್ಟೀರಿಯಾ ಮತ್ತು ವಿದ್ಯುತ್ತಿನ ನೆರವಿನಿಂದ ಕರಗಿಸುವ ಬಗೆಯನ್ನು ಅಧ್ಯಯನ ಮಾಡಿದರು.

ಕಾಕಂಬಿ ಮತ್ತು ಮೆಕ್ಕೆಜೋಳ

ಹುರಿಯುವ ಕುಲುಮೆಯೇ ಬೇಡವಾಗುವಂತೆ ಕೃಷಿಯ ಉಳಿಕೆಗಳನ್ನು ಅಪಕರ್ಷಕವಾಗಿ ಬಳಸುವ ಸಂಶೋಧನೆ ಈ ಶತಮಾನದಲ್ಲಿ ಬೆಳೆದಿದೆ. ಚೀನಾದ ಸಂಶೋಧಕರು ಕಬ್ಬಿನ ಕಾಕಂಬಿ ಮತ್ತು ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡಿನಿಂದ ಕೀಳುದರ್ಜೆಯ ಅದಿರನ್ನು ಕರಗಿಸಿ ಫಲಿತಾಂಶ ಪ್ರಕಟಿಸಿದ್ದಾರೆ. ಸಕ್ಕರೆಯ ಒಂದು ಅಣು ಪೂರ್ಣ ಉತ್ಕರ್ಷಣಗೊಂಡರೆ ಮ್ಯಾಂಗನೀಸ್ ಡೈಆಕ್ಸೈಡಿನ 24 ಅಣುಗಳನ್ನು ಅಪಕರ್ಷಿಸಬಲ್ಲದು. ಈ ಲೆಕ್ಕದಲ್ಲಿ ಒಂದು ಕಿಲೋ ಮ್ಯಾಂಗನೀಸಿಗೆ ಸುಮಾರು 260 ಗ್ರಾಂ ಸಕ್ಕರೆ, 1.8 ಕಿಲೋ ಗಂಧಕಾಮ್ಲ ಸಾಕು. ಕಾರ್ಯತಃ ಇನ್ನಷ್ಟು ಬೇಕಾಗುತ್ತದೆ.

ದಾವಣಗೆರೆ ರಾಜ್ಯದ ಪ್ರಮುಖ ಮೆಕ್ಕೆಜೋಳದ ಜಿಲ್ಲೆ; ಕುಕ್ಕವಾಡದಲ್ಲಿ ಸಕ್ಕರೆ ಕಾರ್ಖಾನೆ ಇದೆ. ಅದಿರು ಮತ್ತು ಅಪಕರ್ಷಕ ಎರಡೂ ಒಂದೇ ಜಿಲ್ಲೆಯಲ್ಲಿ ಸಿಗುವುದು ಗಮನಾರ್ಹ.

ತುಂಗಭದ್ರೆಯ ಪಾಠ

ಇದೇ ಸೀಮೆ ರಾಸಾಯನಿಕ ತ್ಯಾಜ್ಯದ ಕಷ್ಟವನ್ನೂ ಉಂಡಿದೆ. ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಶುರುವಾದ ಹರಿಹರ ಪಾಲಿಫೈಬರ್ಸ್ ನೀಲಗಿರಿ ಮರದಿಂದ ರೇಯಾನ್ ತಿರುಳು ತಯಾರಿಸುತ್ತದೆ. 1980ರ ದಶಕದಲ್ಲಿ ತುಂಗಭದ್ರೆಯ ಮಾಲಿನ್ಯದ ವಿರುದ್ಧ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮೀನುಗಾರರನ್ನೂ ನದಿದಂಡೆಯ ಹಳ್ಳಿಗರನ್ನೂ ಸಂಘಟಿಸಿತು. ಹೊಳೆಯ ನೀರು ಯಾರದು ಎಂಬ ಪ್ರಶ್ನೆಯನ್ನು ಇಲ್ಲಿನ ಜನ ಕಾರ್ಖಾನೆಯ ಮುಂದಿಟ್ಟದ್ದು ಕರ್ನಾಟಕದ ಪರಿಸರ ಚಳವಳಿಯ ಮುಖ್ಯ ಅಧ್ಯಾಯ.

ಮ್ಯಾಂಗನೀಸಿನ ವಿಷಯದಲ್ಲಿ ಆ ಪ್ರಶ್ನೆ ಇನ್ನೂ ತೀಕ್ಷ್ಣ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಮ್ಯಾಂಗನೀಸ್ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವಿಲ್ಲದ ಕಡೆ 0.3ರವರೆಗೆ ವಿನಾಯಿತಿ. ಚೀನಾದ ಹುನಾನ್, ಗ್ವಿಝೌ, ಚೊಂಗ್‌ಚಿಂಗ್ ಗಡಿಗಳು ಕೂಡುವಲ್ಲಿ ಲೀಚಿಂಗ್ ಗಸಿಯಿಂದ ಹೊಳೆಗಳೂ ಅಂತರ್ಜಲವೂ ಕೆಟ್ಟಿವೆ. ದಾವಣಗೆರೆ ನಗರ ರಾಜನಹಳ್ಳಿಯಿಂದ ತುಂಗಭದ್ರೆಯ ನೀರನ್ನೂ, ಕುಂದವಾಡ ಕೆರೆಗೆ ಬರುವ ಭದ್ರಾ ಕಾಲುವೆಯ ನೀರನ್ನೂ ಕುಡಿಯುತ್ತದೆ.

ಉಪಸಂಹಾರ

ವೆಲ್ಡನ್ ಕಾಲದಿಂದ ಚೀನಾದ ಅನುಭವದವರೆಗೆ ಇತಿಹಾಸ ಹೇಳುವುದು ಒಂದೇ: ಉಳಿಕೆಯನ್ನು ಮರಳಿ ಬಳಸಿದ ಕಡೆ ಲೀಚಿಂಗ್ ಬಾಳಿದೆ, ಹೊಳೆಗೆ ಬಿಟ್ಟ ಕಡೆ ಊರನ್ನು ಕೆಡಿಸಿದೆ. ಆದ್ದರಿಂದ ಈ ಸೀಮೆಯಲ್ಲಿ ಇಂಥ ಘಟಕದ ಯೋಜನೆ ಬಂದರೆ ಮೊದಲು ಕೇಳಬೇಕಾದವು ಮೂರು: ಆಮ್ಲ ಎಷ್ಟು ಪಾಲು ಮರುಬಳಕೆಯಾಗುತ್ತದೆ, ಕಬ್ಬಿಣದ ಗಸಿ ಎಲ್ಲಿ ಸೇರುತ್ತದೆ, ಹೊರಬೀಳುವ ನೀರನ್ನು ಯಾರು ಪರೀಕ್ಷಿಸುತ್ತಾರೆ. ಅದಿರಿನ ಲಾಭದ ಲೆಕ್ಕ ಈ ಮೂರಕ್ಕೂ ಉತ್ತರ ಸಿಕ್ಕ ಮೇಲಿನದು.