ರಘು ದೀಕ್ಷಿತ್ ಪ್ರಾಜೆಕ್ಟ್

ಬೆಂಗಳೂರಿನ ಜಾನಪದ ರಾಕ್ ತಂಡ. ಮೈಸೂರಿನಲ್ಲಿ ಬೆಳೆದು ಭರತನಾಟ್ಯ ಕಲಿತ ಗಾಯಕ ರಘು ದೀಕ್ಷಿತ್ (ಜನನ 1974, ನಾಸಿಕ್) ತಮ್ಮ ಹಿಂದಿನ ‘ಅಂತರಾಗ್ನಿ’ ತಂಡದ ನಂತರ ಇದನ್ನು ಕಟ್ಟಿದರು. ಸಂತಕವಿ ಶಿಶುನಾಳ ಷರೀಫರ (1819–1889) ತತ್ತ್ವಪದಗಳೇ ಇದರ ಜೀವಾಳ. ಭಜನಾ ಮೇಳಗಳಲ್ಲಿ ಉಳಿದುಬಂದ, ಗಾಯಕ ಸಿ. ಅಶ್ವತ್ಥ್ ನಾಡಿಗೆಲ್ಲ ತಲುಪಿಸಿದ ಈ ಪದಗಳಿಗೆ ಎಲೆಕ್ಟ್ರಿಕ್ ಗಿಟಾರ್, ಬಾಸ್, ಡ್ರಮ್ಸ್, ಪಿಟೀಲು ಜೊತೆಯಾದವು. ಇವುಗಳಲ್ಲಿ ಗುಡುಗುಡಿಯ ಪದವಂತೂ ಕಾಲೇಜು ಹುಡುಗರ ಬಾಯಲ್ಲಿ ನಲಿದಾಡಿತು. ವಾದ್ಯಗಳ ಅಬ್ಬರದಲ್ಲೂ ಸಾಹಿತ್ಯ ಸ್ಪಷ್ಟವಾಗಿ ಕೇಳುವುದು ತಂಡದ ದೊಡ್ಡ ಗುಣ. ಮಾಲಿಯ ಬಮಾಕೊದಲ್ಲಿ 1970ರಲ್ಲಿ ಹುಟ್ಟಿದ ರೈಲ್ ಬ್ಯಾಂಡ್ ಅಲ್ಲಿನ ಸಾಂಪ್ರದಾಯಿಕ ಮಾಂಡೆ ಸಂಗೀತವನ್ನು ಗಿಟಾರಿಗೆ ಒಗ್ಗಿಸಿದ್ದೂ ಇದೇ ಜಾತಿಯ ಕೆಲಸ. ರಘು ತಂಡದ ಮೊದಲ ಆಲ್ಬಂ 2008ರಲ್ಲಿ, ‘ಜಗ್ ಚಂಗಾ’ 2013ರಲ್ಲಿ ಬಂದವು. 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿ ದೊರೆಯಿತು.