ಉಕ್ಕಿನ ನೊಗ

ಪಂಚತಂತ್ರದ ಕೋತಿಯ ಕಥೆಯನ್ನು ಕೇಳದೆ ದೊಡ್ಡವರಾದವರು ನಮ್ಮಲ್ಲಿ ಕಡಿಮೆ. ಬಡಗಿಗಳು ದಿಮ್ಮಿಯೊಂದನ್ನು ಅರ್ಧ ಸೀಳಿ, ಸೀಳು ಮುಚ್ಚಿಕೊಳ್ಳದಂತೆ ನಡುವೆ ಬೆಣೆ ಬಡಿದು ಊಟಕ್ಕೆ ಹೋಗುತ್ತಾರೆ. ಕೆಲಸವಿಲ್ಲದ ಕೋತಿ ಬಂದು ಬೆಣೆಯನ್ನು ಅಲ್ಲಾಡಿಸಿ ಕೀಳುತ್ತದೆ; ದಿಮ್ಮಿ ಮುಚ್ಚಿಕೊಂಡು ಅದರ ಪ್ರಾಣ ಹೋಗುತ್ತದೆ. ತನ್ನದಲ್ಲದ ಕೆಲಸಕ್ಕೆ ಕೈ ಹಾಕಬಾರದೆಂಬುದು ಹಿರಿಯರು ಇದರಿಂದ ತೆಗೆದ ನೀತಿ. ಆದರೆ ಕಥೆಯಲ್ಲಿ ಇನ್ನೊಂದು ಮಾತೂ ಅಡಗಿದೆ. ಮರವನ್ನು ಸೀಳುವುದು ಬೆಣೆಯ ಕೆಲಸ. ಬೆಣೆ ತನ್ನ ಜಾಗದಲ್ಲಿ ಕುಳಿತಿರುವವರೆಗೆ ಕ್ಷೇಮ, ಜಾಗ ತಪ್ಪಿದರೆ ಕೊಲೆ.

ಇಂದು ಯೂರೋಪು ಅಮೆರಿಕಗಳ ಚಳಿನಾಡುಗಳಲ್ಲಿ ಆ ಬೆಣೆ ಪುಟ್ಟ ಟ್ರ್ಯಾಕ್ಟರೊಂದರ ಬೆನ್ನಿಗೆ ಏರಿ ಕುಳಿತಿದೆ. ಚಳಿಗಾಲದ ಸೌದೆಗಾಗಿ ಅಲ್ಲಿಯ ರೈತ ಈಗ ಕೊಡಲಿ ಬೀಸಬೇಕಾಗಿಲ್ಲ. ದಿಮ್ಮಿಯನ್ನು ಉಕ್ಕಿನ ತೊಲೆಯ ಮೇಲಿಟ್ಟು ಸನ್ನೆಯನ್ನು ಒತ್ತಿದರೆ, ತೈಲದ ಒತ್ತಡದಿಂದ ಚಲಿಸುವ ಪಿಸ್ಟನ್ನು ಅದನ್ನು ನಿಧಾನವಾಗಿ ಬೆಣೆಗೆ ಒತ್ತುತ್ತದೆ. ಓಕ್ ಮರದ ಕೊರಡೂ ಬೆಂಡೇಕಾಯಿಯಂತೆ ಸೀಳುತ್ತದೆ. ಈ ಸೌದೆ ಸೀಳುವ ಯಂತ್ರವನ್ನು ಕಂಡುಹಿಡಿದವನು ಇಂಥವನೇ ಎಂದು ಬೆರಳು ಮಾಡಿ ತೋರಿಸುವಂತಿಲ್ಲ. ಆದರೆ ಅದನ್ನು ಟ್ರ್ಯಾಕ್ಟರಿಗೆ ಹೂಡುವ ಕೊಂಡಿಗೆ ಮಾತ್ರ ಒಂದು ಸ್ಪಷ್ಟವಾದ ಚರಿತ್ರೆಯುಂಟು. ಅದು ಹ್ಯಾರಿ ಫರ್ಗುಸನ್ ಎಂಬ ಐರಿಷ್ ರೈತನ ಮಗನ ಚರಿತ್ರೆ.

ಮೊದಲು ನಮ್ಮ ನೇಗಿಲನ್ನೇ ನೆನೆಯೋಣ. ಎತ್ತುಗಳ ಹೆಗಲ ಮೇಲೆ ನೊಗ. ನೊಗದಿಂದ ನೇಗಿಲವರೆಗೆ ಉದ್ದನೆಯ ಈಸು. ಇವೆರಡನ್ನೂ ಬಿಗಿಯುವ ಮಿಣಿ. ಉಳುವವನ ಕೈ ಮೇಣಿಯ ಮೇಲೆ. ಕುಳ ಕಲ್ಲಿಗೋ ಬೇರಿಗೋ ತಾಗಿದರೆ ಎತ್ತು ತಾನಾಗಿಯೇ ನಿಲ್ಲುತ್ತದೆ. ರೈತ ನೇಗಿಲನ್ನು ತುಸು ಎತ್ತಿ ಮುಂದಿಡುತ್ತಾನೆ. ಎಳೆಯುವ ಪ್ರಾಣಿಗೂ, ಉಳುವ ಮನುಷ್ಯನಿಗೂ, ಸೀಳುವ ಮಣ್ಣಿಗೂ ನಡುವೆ ಒಂದು ಬಗೆಯ ತಿಳಿವಳಿಕೆಯಿದೆ. ಮಿಣಿ ಹರಿದರೆ ಕೆಲಸ ನಿಂತೀತು, ಅಷ್ಟೆ.

ಟ್ರ್ಯಾಕ್ಟರು ಬಂದಾಗ ಈ ತಿಳಿವಳಿಕೆ ಹೋಯಿತು. ಕುದುರೆ ಎಳೆಯುತ್ತಿದ್ದ ನೇಗಿಲನ್ನೇ ಸರಪಣಿಯಿಂದಲೋ ಒಂದು ಕೊಂಡಿಯಿಂದಲೋ ಯಂತ್ರದ ಹಿಂದೆ ಕಟ್ಟಿದರು. 1917ರಲ್ಲಿ ಹೆನ್ರಿ ಫೋರ್ಡನ ಕಾರ್ಖಾನೆಯಿಂದ ಹೊರಬಂದ ಫೋರ್ಡ್‌ಸನ್ ಟ್ರ್ಯಾಕ್ಟರು ಅಗ್ಗವಾಗಿತ್ತು, ಹಗುರವಾಗಿತ್ತು. ಬಹು ಬೇಗ ಜನಪ್ರಿಯವೂ ಆಯಿತು. ಆದರೆ ನೇಗಿಲು ನೆಲದಲ್ಲಿ ಹೂತ ಬಂಡೆಗೆ ಸಿಕ್ಕಿಕೊಂಡಿತೆನ್ನಿ. ಹಿಂದಿನ ಗಾಲಿಗಳು ಮುಂದೆ ಉರುಳಲಾರವು, ಎಂಜಿನ್ನು ಎತ್ತಿನಂತೆ ತಾನಾಗಿ ನಿಲ್ಲದು. ಆಗ ಅದರ ಬಲವೆಲ್ಲ ಟ್ರ್ಯಾಕ್ಟರಿನ ಮೂತಿಯನ್ನೇ ಮೇಲಕ್ಕೆ ಎತ್ತುತ್ತಿತ್ತು. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಯಂತ್ರ ಹಿಮ್ಮಗುಚಿ, ಮೇಲೆ ಕುಳಿತವನನ್ನು ತನ್ನ ಅಡಿಯಲ್ಲಿ ಹಾಕಿಕೊಳ್ಳುತ್ತಿತ್ತು. ಹೀಗೆ ಸತ್ತ ರೈತರು ಒಬ್ಬಿಬ್ಬರಲ್ಲ. ತಪ್ಪು ಎಂಜಿನ್ನಿನದೂ ಅಲ್ಲ, ನೇಗಿಲಿನದೂ ಅಲ್ಲ. ಎರಡನ್ನೂ ಕೂಡಿಸಿದ ರೀತಿಯದು.

ಫರ್ಗುಸನ್ ಹುಟ್ಟಿದ್ದು 1884ರಲ್ಲಿ, ಉತ್ತರ ಐರ್ಲೆಂಡಿನ ಡೌನ್ ಪ್ರಾಂತದ ಗ್ರೋವೆಲ್ ಎಂಬ ಹಳ್ಳಿಯಲ್ಲಿ. ಹೊಲದ ದುಡಿಮೆ ಅವನಿಗೆ ಹಿಡಿಸಲಿಲ್ಲ. ಬೆಲ್‌ಫಾಸ್ಟ್ ನಗರದಲ್ಲಿ ಅಣ್ಣನ ಮೋಟಾರು ಅಂಗಡಿಗೆ ಸೇರಿದನು. 1909ರ ಡಿಸೆಂಬರ್ 31ರಂದು, ತಾನೇ ಕಟ್ಟಿದ ವಿಮಾನದಲ್ಲಿ ಹಿಲ್ಸ್‌ಬರೊ ಎಂಬಲ್ಲಿ 130 ಗಜ ದೂರ ಹಾರಿ, ಐರ್ಲೆಂಡಿನಲ್ಲಿ ವಿಮಾನ ಹಾರಿಸಿದ ಮೊದಲಿಗನಾದನು. ಮೊದಲನೆಯ ಮಹಾಯುದ್ಧದಲ್ಲಿ ಆಹಾರದ ಅಭಾವ ಉಂಟಾದಾಗ, 1917ರಲ್ಲಿ ಸರ್ಕಾರವು ಐರ್ಲೆಂಡಿನ ಟ್ರ್ಯಾಕ್ಟರುಗಳ ಕೆಲಸವನ್ನು ಸುಧಾರಿಸುವ ಹೊಣೆಯನ್ನು ಅವನಿಗೆ ವಹಿಸಿತು. ತನ್ನ ಸಹಾಯಕ ವಿಲಿಯಂ ಸ್ಯಾಂಡ್ಸ್‌ನೊಡನೆ ಹೊಲದಿಂದ ಹೊಲಕ್ಕೆ ಅಲೆದ ಫರ್ಗುಸನ್ನನಿಗೆ ಒಂದು ಸಂಗತಿ ಹೊಳೆಯಿತು. ಟ್ರ್ಯಾಕ್ಟರು ಬೇರೆ, ನೇಗಿಲು ಬೇರೆ ಎಂದು ಎಣಿಸುವವರೆಗೆ ಈ ಕೆಲಸ ಹಸನಾಗದು; ಎರಡೂ ಸೇರಿ ಒಂದೇ ಯಂತ್ರವಾಗಬೇಕು.

ಅದಕ್ಕೆ ಅವನು ಕಂಡುಕೊಂಡ ಉಪಾಯ ಮೂರು ತೋಳುಗಳದು. ಕೆಳಗಿನ ಎರಡು ತೋಳುಗಳು ನೇಗಿಲನ್ನು ಎಳೆಯುತ್ತವೆ. ಮೇಲಿನ ಒಂದು ತೋಳು ಅದನ್ನು ಹಿಡಿದಿರುತ್ತದೆ. ಮಣ್ಣಿನ ತಡೆಗೆ ಸಿಕ್ಕಿದ ನೇಗಿಲಿನ ಮೇಲ್ಭಾಗ ಮುಂದಕ್ಕೆ ಬಾಗಲು ಹೋಗಿ ಮೇಲಿನ ತೋಳನ್ನು ತಳ್ಳುತ್ತದೆ. ಆ ತಳ್ಳಾಟವೇ ಟ್ರ್ಯಾಕ್ಟರಿನ ಮೂತಿಯನ್ನು ನೆಲಕ್ಕೆ ಅದುಮುತ್ತದೆ. ಹಿಂದೆ ರೈತನನ್ನು ಕೊಲ್ಲುತ್ತಿದ್ದ ಬಲ ಈಗ ಅವನನ್ನು ಕಾಯುವ ಬಲವಾಯಿತು.

ಅಲ್ಲಿಗೇ ಅವನು ನಿಲ್ಲಲಿಲ್ಲ. ಮೇಲಿನ ತೋಳಿಗೆ ಒಂದು ಸ್ಪ್ರಿಂಗು, ಸ್ಪ್ರಿಂಗಿನಿಂದ ಒಂದು ಕವಾಟ, ಕವಾಟದಿಂದ ತೈಲದ ಪಂಪಿಗೆ ದಾರಿ. ತಡೆ ಹೆಚ್ಚಿದರೆ ಕವಾಟ ತೆರೆದು, ತೈಲದ ಒತ್ತಡ ನೇಗಿಲನ್ನು ತುಸು ಎತ್ತುತ್ತದೆ. ತಡೆ ಕಡಿಮೆಯಾದರೆ ಇಳಿಸುತ್ತದೆ. ಮೇಣಿಯ ಮೇಲಿದ್ದ ರೈತನ ಕೈಯನ್ನೇ ಅವನು ಉಕ್ಕಿನಲ್ಲಿ ಮಾಡಿಟ್ಟನು ಎನ್ನಬಹುದು. ಈ ತತ್ತ್ವಕ್ಕೆ 1925ರಲ್ಲಿ ಪೇಟೆಂಟಿಗಾಗಿ ಅರ್ಜಿ ಹಾಕಿದನು. 1936ರಲ್ಲಿ ಹಡರ್ಸ್‌ಫೀಲ್ಡಿನ ಗೇರು ತಯಾರಕ ಡೇವಿಡ್ ಬ್ರೌನನ ಸಹಾಯದಿಂದ ಈ ಬಗೆಯ ಟ್ರ್ಯಾಕ್ಟರು ಮಾರುಕಟ್ಟೆಗೆ ಬಂದಿತು. ಬೆಲೆ 224 ಪೌಂಡು. ಜೊತೆಯ ಉಪಕರಣಗಳಿಗೆ ಬೇರೆ ಹಣ. ಸುಮಾರು 1,350 ಟ್ರ್ಯಾಕ್ಟರುಗಳು ತಯಾರಾಗುವಷ್ಟರಲ್ಲಿ ಪಾಲುದಾರರಲ್ಲಿ ಮನಸ್ತಾಪ ಬಂದಿತು.

1938ರ ಅಕ್ಟೋಬರಿನಲ್ಲಿ ಫರ್ಗುಸನ್ ತನ್ನ ಟ್ರ್ಯಾಕ್ಟರನ್ನು ಹಡಗಿಗೇರಿಸಿ ಅಮೆರಿಕಕ್ಕೆ ಒಯ್ದನು. ಡಿಯರ್‌ಬಾರ್ನಿನ ತನ್ನ ಎಸ್ಟೇಟಿನಲ್ಲಿ ಮುದುಕ ಹೆನ್ರಿ ಫೋರ್ಡ್ ಆ ಪುಟ್ಟ ಯಂತ್ರದ ಉಳುಮೆಯನ್ನು ನೋಡಿದನು. ಹೊಲದಲ್ಲೇ ಒಂದು ಮೇಜು ಹಾಕಿಸಿ, ಆಟಿಕೆಯಂಥ ಒಂದು ಮಾದರಿಯಿಂದ ಫರ್ಗುಸನ್ ತನ್ನ ತತ್ತ್ವವನ್ನು ವಿವರಿಸಿದನು. ಇಬ್ಬರೂ ರೈತರ ಮಕ್ಕಳು, ಇಬ್ಬರೂ ಹಟಮಾರಿಗಳು. ಅಲ್ಲಿಯೇ ಕೈ ಕುಲುಕಿದರು. ಕಾಗದವಿಲ್ಲ, ಸಹಿಯಿಲ್ಲ, ಸಾಕ್ಷಿಯಿಲ್ಲ. 1939ರ ಜೂನಿನಲ್ಲಿ 585 ಡಾಲರು ಬೆಲೆಯ ಹೊಸ ಟ್ರ್ಯಾಕ್ಟರು ಸಿದ್ಧವಾಯಿತು. ಮುಂದೆ 3 ಲಕ್ಷಕ್ಕೂ ಹೆಚ್ಚು ಟ್ರ್ಯಾಕ್ಟರುಗಳು ಈ ಮಾತಿನ ಬಲದ ಮೇಲೆಯೇ ತಯಾರಾದವು.

ಉಕ್ಕಿನ ಕೊಂಡಿ ಗಟ್ಟಿಯಾಗಿತ್ತು. ಮಾತಿನ ಕೊಂಡಿ ಅಷ್ಟು ಗಟ್ಟಿಯಾಗಿರಲಿಲ್ಲ. ಮುದುಕ ಫೋರ್ಡನ ಕೈಯಿಂದ ಅಧಿಕಾರ ಮೊಮ್ಮಗನಿಗೆ ಬಂದಿತು. ಲೆಕ್ಕ ನೋಡಿದ ಮೊಮ್ಮಗ 1946ರ ಕೊನೆಯಲ್ಲಿ ಒಪ್ಪಂದ ಮುಗಿಯಿತೆಂದು ತಿಳಿಸಿದನು. 1947ರಲ್ಲಿ ಫೋರ್ಡ್ ಕಂಪೆನಿ ಅದೇ ಮೂರು ತೋಳುಗಳ ಟ್ರ್ಯಾಕ್ಟರನ್ನು ತನ್ನದೆಂದೇ ಮಾರಲು ತೊಡಗಿತು. 1948ರಲ್ಲಿ ಫರ್ಗುಸನ್ 25 ಕೋಟಿ 10 ಲಕ್ಷ ಡಾಲರುಗಳ ದಾವೆ ಹೂಡಿದನು. ನಾಲ್ಕು ವರ್ಷ ನಡೆದ ವ್ಯಾಜ್ಯ 1952ರ ಏಪ್ರಿಲಿನಲ್ಲಿ 92 ಲಕ್ಷ 50 ಸಾವಿರ ಡಾಲರಿಗೆ ರಾಜಿಯಾಯಿತು. ಬರವಣಿಗೆಯಿಲ್ಲದ ಮಾತನ್ನು ನ್ಯಾಯಾಲಯದಲ್ಲಿ ಹೇಗೆ ತಾನೆ ಸಾಧಿಸುವುದು? ಕೈಗೆ ಬಂದ ಹಣ ಮುಖ್ಯವಾಗಿ ಪೇಟೆಂಟುಗಳ ಬಾಬತ್ತಿನದು.

ಆದರೆ ಈ ರಾಜಿಯಿಂದ, ಯಾರೂ ಎಣಿಸದಿದ್ದ ಒಂದು ಒಳ್ಳೆಯದಾಯಿತು. ಫರ್ಗುಸನ್ನನ ಯಂತ್ರದಲ್ಲಿ ತೈಲದ ಪಂಪು ಟ್ರ್ಯಾಕ್ಟರಿನ ಹೊಟ್ಟೆಯೊಳಗಿತ್ತು. ಕ್ಲಚ್ಚನ್ನು ಒತ್ತಿದರೆ ಪಂಪೂ ನಿಲ್ಲುತ್ತಿತ್ತು. ನೇಗಿಲನ್ನು ಎತ್ತಲು ಇಳಿಸಲು ಅದು ಸಾಕು. ರಾಜಿಯ ಪ್ರಕಾರ ಫೋರ್ಡ್ ಕಂಪೆನಿ ಆ ರೀತಿಯ ಪಂಪನ್ನು ಬಿಡಬೇಕಾಯಿತು. 1953ರ ಅದರ ಹೊಸ ಟ್ರ್ಯಾಕ್ಟರಿನಲ್ಲಿ ಪಂಪು ಹೊರಗೆ ಬಂದು ನೇರವಾಗಿ ಎಂಜಿನ್ನಿನಿಂದಲೇ ತಿರುಗತೊಡಗಿತು. ಎಂಜಿನ್ನು ಓಡುತ್ತಿರುವಷ್ಟು ಹೊತ್ತೂ ತೈಲ ಹರಿಯುತ್ತಿರುತ್ತದೆ. ಸೌದೆ ಸೀಳುವಂಥ, ನಿಂತಲ್ಲೇ ನಡೆಯುವ ಕೆಲಸಕ್ಕೆ ಬೇಕಾದುದು ಇದೇ ಏರ್ಪಾಡು.

ಈಗ ಬೆಣೆಯ ಕಡೆಗೆ ತಿರುಗೋಣ. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುವುದೆಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ತೋರಿಸಿದ್ದನು. 1795ರಲ್ಲಿ ಲಂಡನ್ನಿನ ಬೀಗ ತಯಾರಕ ಜೋಸೆಫ್ ಬ್ರಾಮಾ ಅದೇ ತತ್ತ್ವದಿಂದ ಒತ್ತುಯಂತ್ರವನ್ನು ಮಾಡಿ ಪೇಟೆಂಟು ಪಡೆದನು. ಸೌದೆಯ ಯಂತ್ರ ಅದರ ಮೊಮ್ಮಗು. ಲೆಕ್ಕ ಸರಳವಾದುದು. ಹತ್ತು ಸೆಂಟಿಮೀಟರ್ ವ್ಯಾಸದ ಪಿಸ್ಟನ್ನಿನ ಮುಖ ಸುಮಾರು 78 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ 170 ಕಿಲೋಗ್ರಾಂ ಒತ್ತಡವಿದ್ದರೆ ದಿಮ್ಮಿಯ ಮೇಲೆ ಬೀಳುವ ಬಲ 13 ಟನ್ನು. ಪಿಸ್ಟನ್ನು 60 ಸೆಂಟಿಮೀಟರ್ ಚಲಿಸಲು ಐದು ಲೀಟರಿಗೆ ತುಸು ಕಡಿಮೆ ತೈಲ ಬೇಕು. ಪಂಪು ನಿಮಿಷಕ್ಕೆ 20 ಲೀಟರು ಕೊಟ್ಟರೆ ಹದಿನಾಲ್ಕು ಸೆಕೆಂಡಿನಲ್ಲಿ ಮುಗಿಯಿತು. ಇದಕ್ಕೆಲ್ಲ ವ್ಯಯವಾಗುವ ಶಕ್ತಿ ಸುಮಾರು ಎಂಟು ಅಶ್ವಶಕ್ತಿ ಮಾತ್ರ. ಬಲಕ್ಕೂ ವೇಗಕ್ಕೂ ಇರುವ ವ್ಯಾಪಾರ ಇದು. ನಿಧಾನವಾಗಿ ಹೋಗಲು ಒಪ್ಪಿದವನಿಗೆ ಬಲ ಹೇರಳ.

ಕೂಡಿಸುವ ಕ್ರಮಗಳು ಎರಡು. ಟ್ರ್ಯಾಕ್ಟರಿನ ಪಂಪು ಸಮರ್ಥವಾಗಿದ್ದರೆ ಅದರ ತೈಲವನ್ನೇ ರಬ್ಬರಿನ ಕೊಳವೆಗಳಿಂದ ಯಂತ್ರಕ್ಕೆ ಹರಿಸಿ, ಮರಳಿ ತರಬಹುದು. ಹಳೆಯ ಅಥವಾ ತೀರ ಚಿಕ್ಕ ಟ್ರ್ಯಾಕ್ಟರಾದರೆ ಸೌದೆ ಯಂತ್ರಕ್ಕೇ ಬೇರೆ ಪಂಪು, ಬೇರೆ ತೈಲದ ತೊಟ್ಟಿ. ಟ್ರ್ಯಾಕ್ಟರಿನ ಹಿಂದೆ ನಿಮಿಷಕ್ಕೆ 540 ಸುತ್ತು ತಿರುಗುವ ದಂಡವೊಂದು ಇರುತ್ತದೆ. ಇಂಥ ದಂಡವನ್ನು 1918ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪೆನಿ ಮಾರುವ ಟ್ರ್ಯಾಕ್ಟರಿಗೆ ಜೋಡಿಸಿತ್ತು. ಅದರ ವೇಗ ಪಂಪಿಗೆ ಸಾಲದಾದಾಗ ನಡುವೆ ಗೇರಿನ ಪೆಟ್ಟಿಗೆಯಿಟ್ಟು ಹೆಚ್ಚಿಸುತ್ತಾರೆ. ಕ್ರಮ ಯಾವುದಾದರೂ ಯಂತ್ರವನ್ನು ಹೊರುವುದು ಫರ್ಗುಸನ್ನನ ಮೂರು ತೋಳುಗಳೇ. ಸಣ್ಣ ಟ್ರ್ಯಾಕ್ಟರಿನಲ್ಲಿ ಮೇಲಿನ ಪಿನ್ನು ಮುಕ್ಕಾಲು ಅಂಗುಲ, ಕೆಳಗಿನವು ಏಳೆಂಟನೆಯ ಭಾಗ ಅಂಗುಲ ದಪ್ಪ. ಒಂದು ಕಂಪೆನಿಯ ಉಪಕರಣ ಇನ್ನೊಂದು ಕಂಪೆನಿಯ ಟ್ರ್ಯಾಕ್ಟರಿಗೆ ಹೊಂದುವಂತೆ ಜಗತ್ತೆಲ್ಲ ಈ ಅಳತೆಗೆ ಒಪ್ಪಿದೆ. ಯಾವ ಕೊಂಡಿಗಾಗಿ ಇಬ್ಬರು ಶ್ರೀಮಂತರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರೋ ಅದು ಇಂದು ಎಲ್ಲರ ಸ್ವತ್ತು.

ಕೋತಿಯ ಕಥೆಯ ನೀತಿ ಮಾತ್ರ ಇಲ್ಲಿಯೂ ಸಲ್ಲುತ್ತದೆ. ತಿರುಗುವ ದಂಡಕ್ಕೆ ಕವಚವಿಲ್ಲದಿದ್ದರೆ ಅಂಗಿಯ ತುದಿ ಸಿಕ್ಕಿದರೂ ಸಾಕು, ಮನುಷ್ಯನನ್ನೇ ಸುತ್ತಿಕೊಳ್ಳುತ್ತದೆ. ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಅಲ್ಲಿಂದ ಚಿಮ್ಮುವ ತೈಲ ಚರ್ಮವನ್ನು ತೂರಿ ಮಾಂಸದೊಳಕ್ಕೆ ಹೋಗುತ್ತದೆ. ಹೊರಗೆ ಚುಕ್ಕೆಯಷ್ಟೇ ಕಂಡರೂ ಶಸ್ತ್ರಚಿಕಿತ್ಸೆಯಾಗದಿದ್ದರೆ ಕೈಯನ್ನೇ ಕಳೆದುಕೊಳ್ಳಬೇಕಾದೀತು. ಆದ್ದರಿಂದ ಬಲ್ಲವರು ಸೋರುವ ಜಾಗವನ್ನು ರಟ್ಟಿನ ತುಂಡಿನಿಂದ ಹುಡುಕುತ್ತಾರೆ, ಬೆರಳಿನಿಂದಲ್ಲ. ಭಾರವಾದ ಯಂತ್ರವನ್ನು ಎತ್ತಿಕೊಂಡು ದಿಣ್ಣೆ ಏರುವಾಗ ಟ್ರ್ಯಾಕ್ಟರಿನ ಮೂತಿ ಮತ್ತೆ ಹಗುರವಾಗುತ್ತದೆ; ಫೋರ್ಡ್‌ಸನ್ ಕಾಲದ ಹಳೆಯ ಮೃತ್ಯು ಮತ್ತೆ ಇಣುಕುತ್ತದೆ. ಆಗ ಮುಂದೆ ತೂಕ ಕಟ್ಟಬೇಕು.

ವ್ಯಾಜ್ಯದ ನಡುವೆಯೂ ಫರ್ಗುಸನ್ ಸುಮ್ಮನೆ ಕುಳಿತಿರಲಿಲ್ಲ. 1946ರಿಂದ 1956ರವರೆಗೆ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಅವನ ಬೂದುಬಣ್ಣದ ಪುಟ್ಟ ಟ್ರ್ಯಾಕ್ಟರುಗಳು 5 ಲಕ್ಷಕ್ಕೂ ಮಿಕ್ಕಿ ತಯಾರಾದವು. ತೇನ್‌ಸಿಂಗನ ಜೊತೆಗಾರ ಹಿಲರಿ 1958ರ ಜನವರಿಯಲ್ಲಿ ದಕ್ಷಿಣ ಧ್ರುವವನ್ನು ತಲುಪಿದುದು ಇಂಥ ಟ್ರ್ಯಾಕ್ಟರುಗಳ ಮೇಲೆಯೇ. ಫರ್ಗುಸನ್ 1953ರಲ್ಲಿ ತನ್ನ ವ್ಯವಹಾರವನ್ನು ಮ್ಯಾಸಿ-ಹ್ಯಾರಿಸ್ ಕಂಪೆನಿಯೊಡನೆ ಕೂಡಿಸಿದನು. 1960ರ ಅಕ್ಟೋಬರಿನಲ್ಲಿ ತೀರಿಕೊಂಡನು. ಅದೇ ವರ್ಷ ಮದರಾಸಿನಲ್ಲಿ ಆ ಕಂಪೆನಿಯ ಸಹಯೋಗದಿಂದ ಟಾಫೆ ಸಂಸ್ಥೆ ಸ್ಥಾಪನೆಯಾಯಿತು. ಮುಂದೆ ನಮ್ಮ ದೊಡ್ಡಬಳ್ಳಾಪುರದಲ್ಲಿಯೂ ಅದರ ಕಾರ್ಖಾನೆ ಎದ್ದಿತು. ಡೌನ್ ಪ್ರಾಂತದ ಹೊಲದಲ್ಲಿ ಹೊಳೆದ ಉಪಾಯ ಹೀಗೆ ನಮ್ಮ ಬಯಲುಸೀಮೆಗೂ ಬಂದಿತು.

ಓದುಗರು ಮುಂದಿನ ಸಲ ಊರಿಗೆ ಹೋಗುವಾಗ, ದಾರಿಯ ಬದಿಯಲ್ಲಿ ಟ್ರ್ಯಾಕ್ಟರು ನಿಂತಿದ್ದರೆ ಅದರ ಹಿಂದಕ್ಕೆ ಬಂದು ಒಮ್ಮೆ ನೋಡಬೇಕು. ಮಣ್ಣು ಮೆತ್ತಿದ ಎರಡು ತೋಳುಗಳು ಕೆಳಗೆ, ಒಂದು ಮೇಲೆ. ಎತ್ತಿನ ಹೆಗಲಿನಿಂದ ಇಳಿದ ನೊಗ ಅಲ್ಲಿಗೆ ಬಂದು ನಿಂತಿದೆ.